ಸಹಾಯ ಬೇಕು: ಹಳೆಯ ಮೇಟ್ಯಾಗ್ ರಿಂಗರ್ ಮಷೀನಿನ ಅಜಿಟೇಟರ್ ಬಿಚ್ಚಲು ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವವರು, ಹಳೆ ಮಷೀನು ರಿಪೇರಿ ಮಾಡುವವರು ದಯವಿಟ್ಟು ನೋಡಿ. ಇದು ಮೇಟ್ಯಾಗ್ ಎಂಬ ಅಮೆರಿಕದ ಕಂಪನಿಯ ಬಟ್ಟೆ ಒಗೆಯುವ ಮಷೀನು; ಒಗೆದ ಬಟ್ಟೆಯನ್ನು ಎರಡು ರೋಲರುಗಳ ನಡುವೆ ಹಿಂಡುವ ರಿಂಗರ್ ಇದಕ್ಕಿದೆ.

ಟಬ್ಬು ಚೌಕ, ಮೂಲೆಗಳು ದುಂಡಗೆ, ದಪ್ಪ ಎರಕದ ಅಲ್ಯೂಮಿನಿಯಂ. ಆದ್ದರಿಂದ ಇದು ಮಾಡೆಲ್ ಇ. ಮಾಡೆಲ್ ಎನ್ ಆಗಿದ್ದರೆ ಎನಾಮಲ್ ಬಳಿದ ದುಂಡು ಟಬ್ಬು ಇರುತ್ತಿತ್ತು. ವರ್ಷ ಮಾತ್ರ ಗೊತ್ತಾಗುತ್ತಿಲ್ಲ. ಮೇಟ್ಯಾಗ್ 1983ರವರೆಗೂ ರಿಂಗರ್ ಮಷೀನು ಮಾಡಿದ್ದರಿಂದ ಆಕಾರವೊಂದನ್ನೇ ನಂಬುವಂತಿಲ್ಲ, ನಂಬರ್ ತಗಡೂ ಸವೆದಿದೆ. ಎರಕ ಎಷ್ಟು ಚೆನ್ನಾಗಿದೆ ಅಂದರೆ ಒಳಗೋಡೆಯಲ್ಲಿ ಒಂದು ಬಿರುಕೂ ಇಲ್ಲ.

ತೊಂದರೆ ಇರುವುದು ಅಜಿಟೇಟರಿನಲ್ಲಿ, ಅಂದರೆ ಟಬ್ಬಿನ ನಡುವೆ ನಿಂತು ಬಟ್ಟೆಯನ್ನು ನೀರಿನಲ್ಲಿ ಅಲುಗಾಡಿಸುವ ರೆಕ್ಕೆಗಳ ಭಾಗದಲ್ಲಿ. ಕಪ್ಪು ಬೇಕಲೈಟಿನದು (ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್), ಸೋಪಿನ ಗಸಿ ಮತ್ತು ತುಕ್ಕು ಸೇರಿ ಶಾಫ್ಟಿಗೆ ಕಚ್ಚಿಕೊಂಡಿದೆ. ಟಬ್ಬಿಗೆ ಬಿಸಿನೀರು ತುಂಬಿ ಒಂದು ಗಂಟೆ ಬಿಟ್ಟು, ರೆಕ್ಕೆಗಳ ಕೆಳಗೆ ಹಗ್ಗ ಹಾಕಿ ಎರಡೂ ಕಡೆ ಸಮನಾಗಿ ಎಳೆದಾಯಿತು, ಅಲುಗಲಿಲ್ಲ. ಸುತ್ತಿಗೆಯಿಂದ ಹೊಡೆದರೆ ಬೇಕಲೈಟ್ ಒಡೆಯುತ್ತದೆ, ಒಂದೇ ಕಡೆ ಮೀಟಿದರೆ ಅಂಚು ಸೀಳುತ್ತದೆ, ಬೆಂಕಿಯಿಂದ ಕಾಯಿಸುವ ಮಾತೇ ಇಲ್ಲ.

ಬಿಚ್ಚಲೇಬೇಕು, ಏಕೆಂದರೆ ಅದರಡಿಯ ಸೀಲ್ (ನೀರು ಕೆಳಗಿಳಿಯದಂತೆ ತಡೆಯುವ ರಬ್ಬರ್) ಸೋರುತ್ತಿದೆ. ಗೇರ್ ಬಾಕ್ಸಿನಿಂದ ತೆಗೆದ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದೆ, ಅಂದರೆ ನೀರು ಇಳಿದಿದೆ. ಹೀಗೇ ಓಡಿಸಿದರೆ ಗೇರಿನ ಹಲ್ಲು ಹೋಗುತ್ತದೆ.

ತಿಳಿಯಬೇಕಾದ್ದು: ತುಕ್ಕು ಬಿಡಿಸುವ ಎಣ್ಣೆಯನ್ನು ಶಾಫ್ಟಿನ ಮೇಲಿಂದ ಬಿಟ್ಟರೆ ಹಳೆ ಸೀಲಿನ ರಬ್ಬರು ಉಬ್ಬಿ ಇನ್ನಷ್ಟು ಬಿಗಿಯಾಗುತ್ತದೆಯೇ? ಹೊಸ ಸೀಲ್ ಕೂರಿಸಿದವರು ಯಾವ ದಪ್ಪದ ಗೇರ್ ಎಣ್ಣೆ ಹಾಕಿದಿರಿ? ತಗಡಿನ ನಂಬರ್ ಓದಿ ವರ್ಷ ಹೇಳಬಲ್ಲವರಿದ್ದರೆ ಫೋಟೋ ಕಳಿಸುತ್ತೇನೆ. ರಿಂಗರಿನ ರಬ್ಬರ್ ರೋಲರುಗಳು ಚೆನ್ನಾಗಿವೆ, ಚಪ್ಪಟೆಯಾಗದಿರಲೆಂದು ಒತ್ತಡ ಸಡಿಲಿಸಿ ಇಟ್ಟಿದೆ.