ಕೂದಲು ಉದುರುತ್ತಿದೆ, 24ಕ್ಕೇ ಕಸಿ ಮಾಡಿಸಿಕೊಳ್ಳಬಹುದಾ?

ಹಣೆಯಂಚು:
ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಕಾಲೇಜು ಮುಗಿಯುವ ಹೊತ್ತಿಗೇ ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದಕ್ಕೆ ಸರಿಯೋಕೆ ಶುರುವಾಗಿತ್ತು, ಈಗ ನೆತ್ತಿಯೂ ತೆಳ್ಳಗಾಗಿದೆ, ಮೇಲಿಂದ ಲೈಟ್ ಬಿದ್ದರೆ ಚರ್ಮ ಕಾಣುತ್ತೆ. ಇಷ್ಟು ದಿನ ನಿಧಾನವಾಗಿತ್ತು. ಮೂರು ತಿಂಗಳ ಹಿಂದೆ ಜೋರು ಜ್ವರ ಬಂದು ಮಲಗಿಬಿಟ್ಟಿದ್ದೆ. ಈಗ ಬಾಚಣಿಗೆ ಇಟ್ಟರೆ ಸಾಕು, ಕೈ ತುಂಬ ಕೂದಲು. ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ, ಎಲ್ಲಾ ಕಡೆ. ಕೆಲವದರ ತುದಿಯಲ್ಲಿ ಬಿಳಿ ಗಂಟು ಇರುತ್ತೆ, ಬೇರೇ ಕಿತ್ತು ಬರ್ತಿದೆ ಅಂತ ಭಯ. ಅಪ್ಪನಿಗೆ ಈಗಲೂ ದಟ್ಟ ಕೂದಲಿದೆ, ಹಾಗಾಗಿ ವಂಶದ್ದಲ್ಲ ಅಂದುಕೊಂಡಿದ್ದೇನೆ. ಹೆಲ್ಮೆಟ್ಟಿಂದಾನಾ? ಗಡಸು ನೀರಿಂದಾನಾ? ಒಂದು ಕ್ಲಿನಿಕ್‌ಗೆ ಫೋಟೊ ಕಳಿಸಿದ್ದೆ. ತಲೆ ಮುಟ್ಟಿ ನೋಡದೇನೇ 4000 ಗ್ರಾಫ್ಟ್ (ಬೇರುಸಹಿತ ತೆಗೆದು ನೆಡುವ ಕೂದಲಿನ ಸಣ್ಣ ಗುಂಪು) ಬೇಕು, ಈ ತಿಂಗಳೊಳಗೆ ಬಂದರೆ ರಿಯಾಯಿತಿ ಅಂದರು. ಒಂದು ಸಲ ಮಾಡಿಸಿಬಿಟ್ಟರೆ ಜೀವನಪೂರ್ತಿ ಚಿಂತೆ ಇರಲ್ಲ ಅಲ್ವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಚರ್ಮವೈದ್ಯೆ:
ಮೊದಲು ಆ ರಿಯಾಯಿತಿಯನ್ನ ಮರೆತುಬಿಡಿ. ನೀವು ಬರೆದದ್ದು ನೋಡಿದರೆ ಎರಡು ಬೇರೆ ಬೇರೆ ಸಮಸ್ಯೆ ಒಟ್ಟಿಗೇ ಬಂದ ಹಾಗಿದೆ. ತಲೆ ನೋಡದೆ ಖಚಿತವಾಗಿ ಹೇಳೋಕಾಗಲ್ಲ, ಆದರೂ ವಿವರಿಸುತ್ತೇನೆ.

ಕೈತುಂಬ ಬರ್ತಿರೋದು ಬಹುಶಃ ಜ್ವರದ ಫಲ. ತಲೆಯ ಕೂದಲು ಎರಡರಿಂದ ಆರು ವರ್ಷ ಬೆಳೆಯುತ್ತೆ, ಆಮೇಲೆ ಸುಮಾರು ಮೂರು ತಿಂಗಳು ವಿಶ್ರಾಂತಿ, ಆಮೇಲೆ ಉದುರಿ ಅದೇ ಜಾಗದಲ್ಲಿ ಹೊಸದು ಹುಟ್ಟುತ್ತೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರೋದು ಎಲ್ಲರಿಗೂ ಇದ್ದದ್ದೇ. ಜೋರು ಜ್ವರ, ಆಪರೇಷನ್, ಹೆರಿಗೆ, ಊಟ ಬಿಟ್ಟು ಒಮ್ಮೆಗೇ ತೂಕ ಇಳಿಸೋದು, ಇಂಥದ್ದೇನಾದರೂ ಆದಾಗ ಬೆಳೆಯುತ್ತಿದ್ದ ಕೂದಲಲ್ಲಿ ದೊಡ್ಡ ಪಾಲು ಒಟ್ಟಿಗೇ ವಿಶ್ರಾಂತಿಗೆ ಹೋಗಿಬಿಡುತ್ತೆ. ಅದಕ್ಕೇ ಉದುರೋದು ಎರಡು ಮೂರು ತಿಂಗಳು ತಡವಾಗಿ. ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅಂತಾರೆ. ಆ ಬಿಳಿ ಗಂಟು ಬೇರಲ್ಲ, ವಿಶ್ರಾಂತಿ ಮುಗಿಸಿದ ಕೂದಲಿನ ತುದಿ ಅಷ್ಟೇ. ಬೇರು ಚರ್ಮದೊಳಗೆ ಹಾಗೇ ಇದೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ನಿಲ್ಲುತ್ತೆ.

ಹಣೆಯ ಮೂಲೆ ಮತ್ತು ನೆತ್ತಿಯದ್ದು ಬೇರೆ ಕಥೆ, ಅದು ಗಂಡಸರ ಬೋಳು. ಟೆಸ್ಟೋಸ್ಟೆರಾನ್ ಅನ್ನೋ ಗಂಡಸರ ಹಾರ್ಮೋನ್ ದೇಹದಲ್ಲಿ ಡಿಎಚ್‌ಟಿ ಅನ್ನೋ ಇನ್ನೊಂದು ಹಾರ್ಮೋನ್ ಆಗಿ ಬದಲಾಗುತ್ತೆ, ಕೆಲವರ ಮುಂದಲೆ ಮತ್ತು ನೆತ್ತಿಯ ಬೇರುಗಳು ಅದಕ್ಕೆ ಸೊರಗುತ್ತಾ ಹೋಗುತ್ತವೆ. ಪ್ರತಿ ಸುತ್ತಿನಲ್ಲೂ ಕೂದಲು ಇನ್ನಷ್ಟು ತೆಳು, ಇನ್ನಷ್ಟು ಗಿಡ್ಡ. ನೆತ್ತಿಯಲ್ಲಿ ಬೈತಲೆ ತೆಗೆದು ಹತ್ತಿರದಿಂದ ನೋಡಿ, ಒಂದೇ ಜಾಗದಲ್ಲಿ ದಪ್ಪ ಎಳೆ, ರೇಷ್ಮೆಯಂಥ ಸಣ್ಣ ಎಳೆ ಎರಡೂ ಇದ್ದರೆ ಇದೇ. ಅಪ್ಪನಿಗೆ ಇಲ್ಲ ಅಂದಮಾತ್ರಕ್ಕೆ ವಂಶದ್ದಲ್ಲ ಅನ್ನಬೇಡಿ. ಇದರಲ್ಲಿ ಹಲವಾರು ಜೀನ್‌ಗಳ ಪಾತ್ರ ಇದೆ, ಮುಖ್ಯವಾದ ಒಂದು ಎಕ್ಸ್ ಕ್ರೋಮೋಸೋಮ್ ಮೇಲಿದೆ, ಅದು ಗಂಡುಮಕ್ಕಳಿಗೆ ಅಮ್ಮನಿಂದಲೇ ಬರೋದು. ಸೋದರಮಾವಂದಿರನ್ನ ನೋಡಿದ್ದೀರಾ?

ಹೆಲ್ಮೆಟ್ಟಿಂದ ಬೋಳಾಗಲ್ಲ. ಗಡಸು ನೀರಿಂದ ಕೂದಲು ಒರಟಾಗಬಹುದು, ತುಂಡಾಗಬಹುದು, ಬೇರಿಗೆ ಏನೂ ಆಗಲ್ಲ.

ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಮತ್ತು ಫೆರಿಟಿನ್ (ದೇಹ ಕೂಡಿಟ್ಟಿರುವ ಕಬ್ಬಿಣಾಂಶದ ಅಳತೆ) ಮುಖ್ಯ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗ್ತಿದ್ದರೆ ಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಹೇಳಿ, ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸಬಲ್ಲದು. ಇದನ್ನ ಬಹಳ ಜನ ಹೇಳೋದೇ ಇಲ್ಲ.

ಕಸಿಯಾದವನು:
ನಾನು ನಲವತ್ತರ ಹತ್ತಿರ ಇದ್ದಾಗ ಮಾಡಿಸಿಕೊಂಡೆ, ಫಲಿತಾಂಶ ಚೆನ್ನಾಗಿದೆ, ಹಾಗಾಗಿ ಕಸಿಯ ವಿರೋಧಿ ಅಲ್ಲ. ಆದರೆ ತಮ್ಮಾ, 24ಕ್ಕೆ ಬೇಡ. ಕಾರಣ ಕೇಳು.

ಕಸಿಯಲ್ಲಿ ಹೊಸ ಕೂದಲು ಸೃಷ್ಟಿ ಆಗಲ್ಲ. ಹಿಂದಲೆಯದ್ದನ್ನ ತೆಗೆದು ಮುಂದೆ ನೆಡೋದು ಅಷ್ಟೇ. ಹಿಂದಲೆಯ ಬೇರಿಗೆ ಡಿಎಚ್‌ಟಿ ಅಷ್ಟಾಗಿ ತಾಗಲ್ಲ, ಜಾಗ ಬದಲಾದರೂ ಆ ಗುಣ ಹಾಗೇ ಉಳಿಯುತ್ತೆ. ಇದನ್ನ 1959ರಲ್ಲಿ ಆರೆಂಟ್ರೈಕ್ ಅನ್ನೋ ಅಮೆರಿಕದ ಡಾಕ್ಟರ್ ತೋರಿಸಿಕೊಟ್ಟರು, ಇವತ್ತಿನ ಕಸಿ ಪೂರ್ತಿ ಅದರ ಮೇಲೇ ನಿಂತಿದೆ. ಆದರೆ ಹಿಂದಲೆ ಅನ್ನೋದು ಬಡ್ಡಿ ಹುಟ್ಟದ ಠೇವಣಿ, ತೆಗೆದಷ್ಟೂ ಕಡಿಮೆ. ಸಾಮಾನ್ಯ ತಲೆಯಿಂದ ಜೀವಮಾನಕ್ಕೆಲ್ಲಾ ಸೇರಿ 5000, 6000 ಗ್ರಾಫ್ಟ್ ಸುರಕ್ಷಿತವಾಗಿ ಸಿಕ್ಕರೆ ಹೆಚ್ಚು. ಈಗಲೇ 4000 ಖರ್ಚು ಮಾಡಿದರೆ ಮುಂದೇನು ಗತಿ? ನೆಟ್ಟ ಕೂದಲು ಮುಂದೆ ಹಾಗೇ ನಿಂತಿರುತ್ತೆ, ಅದರ ಹಿಂದಿನ ನಿನ್ನ ಸ್ವಂತ ಕೂದಲು ಉದುರುತ್ತಾ ಹೋಗಿ ಮಧ್ಯದಲ್ಲಿ ಬಯಲಾಗುತ್ತೆ. ತುಂಬಿಸೋಕೆ ಹಿಂದೆ ಏನೂ ಉಳಿದಿರಲ್ಲ.

ಆ ದಿನ ಹೇಗಿತ್ತು ಅಂದರೆ, ನೋವು ಅಂತ ಆದದ್ದು ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುವಾಗ ಮಾತ್ರ. ಆಮೇಲೆ ಗಂಟೆಗಟ್ಟಲೆ ಬೋರಲು ಮಲಗಬೇಕು, ಕತ್ತು ಹಿಡಿದುಕೊಳ್ಳುತ್ತೆ. ಎರಡು ದಿನ ಬಿಟ್ಟು ಹಣೆ ಊದಿತು, ಊತ ಹಾಗೇ ಇಳಿದು ಕಣ್ಣಿನ ರೆಪ್ಪೆಗೆ ಬಂತು. ಮೊದಲ ವಾರ ತಲೆ ಎತ್ತರಿಸಿಕೊಂಡು ಮಲಗಬೇಕು, ನೆಟ್ಟ ಜಾಗಕ್ಕೆ ಕೈ ಹಾಕಲೇಬಾರದು, ಕಡಿತ ಬಂದರೂ. ಒಂದೊಂದು ಗ್ರಾಫ್ಟಿನ ಸುತ್ತ ಕಟ್ಟಿದ ಹಕ್ಕಳೆ ಹತ್ತು ದಿನದ ಆಸುಪಾಸು ಉದುರುತ್ತೆ. ಅದಾದ ಮೇಲೆ ನೆಟ್ಟ ಕೂದಲೇ ಉದುರಿಹೋಗುತ್ತೆ! ಯಾರೂ ಹೇಳದಿದ್ದರೆ ಎದೆ ಧಸಕ್ ಅನ್ನುತ್ತೆ. ಗಾಬರಿ ಬೇಡ, ಬೇರು ಒಳಗಿರುತ್ತೆ. ಮೂರು ನಾಲ್ಕು ತಿಂಗಳಿಗೆ ಮೊಳೆಯೋಕೆ ಶುರು, ಪೂರ್ತಿ ರೂಪ ಬರೋಕೆ ಒಂದು ವರ್ಷ, ನೆತ್ತಿಗೆ ಇನ್ನೂ ಜಾಸ್ತಿ.

ಹಣೆಯಂಚು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ ಅಣ್ಣಂದಿರಿಬ್ಬರಿಗೂ ಬೋಳೇ, ಈಗ ಹೊಳೀತು. ಇನ್ನೆರಡು ಪ್ರಶ್ನೆ. ಎಫ್‌ಯುಇ ಅನ್ನೋ ವಿಧಾನದಲ್ಲಿ ಕಸಿ ಮಾಡಿಸಿದರೆ ಕಲೆಯೇ ಇರಲ್ಲ ಅಂತಾರೆ, ನಿಜಾನಾ? ಮತ್ತೆ ಔಷಧಿ ಅಂದರೆ ಭಯ, ಶುರು ಮಾಡಿದರೆ ಬಿಡೋಕಾಗಲ್ಲ, ಗಂಡಸುತನಕ್ಕೆ ತೊಂದರೆ ಅಂತೆಲ್ಲ ಓದಿದ್ದೇನೆ.

ಕಸಿಯಾದವನು:
ಕಲೆ ಇರಲ್ಲ ಅನ್ನೋದು ಸುಳ್ಳು. ಎಫ್‌ಯುಟಿ ಅನ್ನೋ ಇನ್ನೊಂದು ವಿಧಾನದಲ್ಲಿ ಚರ್ಮದ ಪಟ್ಟಿಯನ್ನೇ ಕತ್ತರಿಸಿ ಹೊಲಿಯುತ್ತಾರೆ, ಹಿಂದೆ ಉದ್ದಕ್ಕೆ ಒಂದು ಗೆರೆ ಉಳಿಯುತ್ತೆ. ಎಫ್‌ಯುಇಯಲ್ಲಿ ಒಂದು ಮಿಲಿಮೀಟರ್ ಅಥವಾ ಅದಕ್ಕೂ ಸಣ್ಣ ಕೊಳವೆಯಿಂದ ಒಂದೊಂದೇ ತೆಗೆಯುತ್ತಾರೆ, ಅಲ್ಲಲ್ಲಿ ಬಿಳಿ ಚುಕ್ಕೆ ಉಳಿಯುತ್ತವೆ. ಕೂದಲು ಸ್ವಲ್ಪ ಬಿಟ್ಟರೆ ಕಾಣಲ್ಲ. ಮಿತಿಮೀರಿ ತೆಗೆದರೆ ಮಾತ್ರ ಹಿಂದಲೆ ಹುಳ ತಿಂದ ಹಾಗೆ ಆಗುತ್ತೆ, ಅದನ್ನ ಸರಿಮಾಡೋದು ಬಲು ಕಷ್ಟ. ಡಿಎಚ್‌ಐ ಅಂತ ಜಾಸ್ತಿ ದುಡ್ಡು ಕೇಳ್ತಾರಲ್ಲ, ಅದೂ ಎಫ್‌ಯುಇನೇ, ಪೆನ್ನಿನಂಥ ಸಾಧನದಿಂದ ನೆಡ್ತಾರೆ ಅಷ್ಟೇ ವ್ಯತ್ಯಾಸ. ಹೆಸರಿಗಿಂತ ಮಾಡುವ ಕೈ ಯಾರದು ಅಂತ ಕೇಳು. ಎಷ್ಟೋ ಕಡೆ ಡಾಕ್ಟರ್ ಬಂದು ಹಣೆ ಮೇಲೆ ಗೆರೆ ಎಳೆದು ಹೋಗ್ತಾರೆ, ಉಳಿದದ್ದೆಲ್ಲಾ ಟೆಕ್ನಿಷಿಯನ್‌ಗಳೇ. ಬೇರು ತೆಗೆಯೋರು ಯಾರು, ರಂಧ್ರ ಮಾಡೋರು ಯಾರು, ಬಾಯಿಬಿಟ್ಟು ಕೇಳು.

ಚರ್ಮವೈದ್ಯೆ:
ಔಷಧಿ ಬಗ್ಗೆ. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆ, ಅದನ್ನ ನುಂಗಿದವರಿಗೆ ಮೈಮೇಲೆಲ್ಲಾ ಕೂದಲು ಬಂದದ್ದರಿಂದ ತಲೆಗೆ ಹಚ್ಚುವ ದ್ರಾವಣ ಮಾಡಿದರು. ಅಮೆರಿಕದಲ್ಲಿ 1988ರಿಂದ ಇದೆ. ಹಚ್ಚಿದ ಮೊದಲ ಕೆಲವು ವಾರ ಉದುರೋದು ಜಾಸ್ತಿ ಆಗಬಹುದು, ಅಲ್ಲೇ ಬಹಳ ಜನ ಬಿಟ್ಟುಬಿಡ್ತಾರೆ. ಕನಿಷ್ಠ ನಾಲ್ಕರಿಂದ ಆರು ತಿಂಗಳು ನೋಡಬೇಕು. ಮನೆಯಲ್ಲಿ ಬೆಕ್ಕಿದ್ದರೆ ಬಹಳ ಎಚ್ಚರ, ದಿಂಬು ನೆಕ್ಕಿದರೂ ಅದಕ್ಕೆ ವಿಷ.

ಫಿನಾಸ್ಟೆರೈಡ್ 1 ಮಿಲಿಗ್ರಾಂ ಮಾತ್ರೆ 1997ರಿಂದ ಬಳಕೆಯಲ್ಲಿದೆ, ರಕ್ತದ ಡಿಎಚ್‌ಟಿಯನ್ನ ಸುಮಾರು ಶೇಕಡ 70ರಷ್ಟು ಇಳಿಸುತ್ತೆ. ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗೋದು, ನಿಮಿರುವಿಕೆಯ ತೊಂದರೆ ಆಗುತ್ತೆ, ಮನಸ್ಸು ಕುಗ್ಗಿದ್ದೂ ವರದಿಯಾಗಿದೆ. ಬಹುಪಾಲು ಜನರಿಗೆ ಏನೂ ಆಗಲ್ಲ. ಮುಂಚೆ ಖಿನ್ನತೆ ಇತ್ತು ಅಂದರೆ ಮುಚ್ಚಿಡಬೇಡಿ, ಹೇಳಿಯೇ ಶುರು ಮಾಡಿ. ನಿಲ್ಲಿಸಿದರೆ ಉಳಿಸಿಕೊಂಡದ್ದು ತಿಂಗಳುಗಳಲ್ಲಿ ಹೋಗುತ್ತೆ, ಅದು ಚಟ ಅಲ್ಲ, ಔಷಧಿ ತಡೆದಿದ್ದ ಕೆಲಸ ಮತ್ತೆ ಶುರುವಾಗೋದು. ಕಸಿ ಆದವರಿಗೂ ಇದನ್ನೇ ಮುಂದುವರಿಸಿ ಅಂತೀವಿ, ಮಿಕ್ಕ ಸ್ವಂತ ಕೂದಲು ಉಳಿಯಲಿ ಅಂತ. ಹಾಗಾಗಿ ಜೀವನಪೂರ್ತಿ ಚಿಂತೆ ಇಲ್ಲ ಅನ್ನೋ ಮಾತು ಅಲ್ಲೂ ನಿಲ್ಲಲ್ಲ.

ಎರಡುಮಕ್ಕಳತಾಯಿ:
ಮಧ್ಯೆ ಕೇಳ್ತಿದ್ದೇನೆ, ಕ್ಷಮಿಸಿ. ನನಗೆ ಹಣೆ ಸರಿಯಾಗೇ ಇದೆ, ಬೈತಲೆ ಮಾತ್ರ ಅಗಲ ಆಗ್ತಾ ಇದೆ. ಎರಡನೇ ಹೆರಿಗೆಯ ನಂತರ ಉದುರಿದ್ದು ತುಂಬಲೇ ಇಲ್ಲ. ಹೆಂಗಸರಿಗೂ ಕಸಿ ಮಾಡ್ತಾರಾ ಮೇಡಂ?

ಚರ್ಮವೈದ್ಯೆ:
ಮಾಡ್ತಾರೆ, ಆದರೆ ಎಲ್ಲರಿಗೂ ಆಗಲ್ಲ. ಹೆಂಗಸರಲ್ಲಿ ಹಲವರಿಗೆ ಹಿಂದಲೆಯೂ ಸೇರಿ ಎಲ್ಲಾ ಕಡೆ ತೆಳುವಾಗಿರುತ್ತೆ, ಆಗ ತೆಗೆಯೋದು ಎಲ್ಲಿಂದ? ಹೆರಿಗೆಯದ್ದು ಸಾಮಾನ್ಯವಾಗಿ ಮಗುವಿಗೆ ಒಂದು ವರ್ಷ ಆಗುವಷ್ಟರಲ್ಲಿ ತುಂಬಿಕೊಳ್ಳಬೇಕು. ತುಂಬಿಲ್ಲ ಅಂದರೆ ಕಬ್ಬಿಣಾಂಶ, ಥೈರಾಯ್ಡ್ ನೋಡಿಸಿ, ಮುಟ್ಟು ಏರುಪೇರಾಗಿದ್ದರೆ ಹಾರ್ಮೋನ್ ಕೂಡ. ಫಿನಾಸ್ಟೆರೈಡ್ ಅನ್ನು ನಿಮ್ಮಷ್ಟಕ್ಕೆ ನೀವೇ ತಗೋಬೇಡಿ, ಗರ್ಭ ನಿಂತರೆ ಗಂಡು ಮಗುವಿನ ಬೆಳವಣಿಗೆಗೆ ಅಪಾಯ. ಇನ್ನೊಂದು ವಿಷಯ, ಯಾರಿಗೇ ಆಗಲಿ ನಾಣ್ಯದಷ್ಟಗಲ ಗುಂಡಗೆ ಒಮ್ಮೆಗೇ ಬೋಳಾದರೆ ಅದು ಅಲೋಪೆಸಿಯಾ ಏರಿಯಾಟ ಇರಬಹುದು, ದೇಹದ ರೋಗನಿರೋಧಕ ಶಕ್ತಿಯೇ ಬೇರಿನ ಮೇಲೆ ಬೀಳುವ ಕಾಯಿಲೆ. ಅದು ಚುರುಕಾಗಿರುವಾಗ ಕಸಿ ಮಾಡಿದರೆ ನೆಟ್ಟದ್ದೂ ಹೋಗಬಹುದು.

ಹಣೆಯಂಚು:
ಕೊನೇದು. ಒಮ್ಮೆ ನುಣ್ಣಗೆ ಬೋಳಿಸಿದರೆ ದಪ್ಪ ಬರುತ್ತೆ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದಾರೆ.

ಚರ್ಮವೈದ್ಯೆ:
ಬರಲ್ಲ. ಕತ್ತರಿಸಿದ ತುದಿ ಮೊಂಡಾಗಿರೋದರಿಂದ ಮುಟ್ಟಿದರೆ ಒರಟು ಅನ್ನಿಸುತ್ತೆ, ಬೇರಿಗೆ ಬ್ಲೇಡ್ ತಾಗೋದೇ ಇಲ್ಲ. ಬೋಳಿಸೋಕೆ ಇಷ್ಟ ಇದ್ದರೆ ಧಾರಾಳವಾಗಿ ಬೋಳಿಸಿ, ಆದರೆ ಡಾಕ್ಟರಿಗೆ ತೋರಿಸಿದ ಮೇಲೆ. ಎಳೆಗಳ ದಪ್ಪ ನೋಡೋಕೆ ಕೂದಲು ಇರಬೇಕು. ಅಲ್ಲಿಗೆ ಹೋಗುವವರೆಗೆ ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಲ್ಲಿ, ಒಣಗಿದ ಕೂದಲಲ್ಲಿ ನೆತ್ತಿಯ ಫೋಟೊ ತೆಗೆದಿಟ್ಟುಕೊಳ್ಳಿ. ಜ್ವರದ್ದು ಎಷ್ಟು, ವಂಶದ್ದು ಎಷ್ಟು ಅಂತ ಬಿಡಿಸಿ ನೋಡೋಕೆ ನಮಗೆ ಅದೇ ಬಹಳ ಉಪಯೋಗಕ್ಕೆ ಬರುತ್ತೆ.