ಆಟದ ಮೇಳದಲ್ಲಿ ಕಿರುಕುಳದ ದೂರು ಬಂದಿದೆ. ನೀವು ಏನು ಮಾಡಿದ್ರಿ?

ಮೈಸೂರು ಪಗಡೆ:
ಮೈಸೂರಿನಲ್ಲಿ ವರ್ಷಕ್ಕೊಮ್ಮೆ ಎರಡು ದಿನ ಬೋರ್ಡ್ ಗೇಮ್ ಮೇಳ ಮಾಡುತ್ತೇವೆ. ಇದು ಮೂರನೇ ವರ್ಷ. 120 ಜನ, ಬಾಡಿಗೆ ಹಾಲ್, ಟಿಕೆಟ್ 350, ನಡೆಸುವವರು ಐದೇ ಜನ. ಈ ಸಲ ಒಬ್ಬ ಹುಡುಗಿ ಬಂದು ದೂರು ಹೇಳಿದಳು. ಆಟ ಹೇಳಿಕೊಡುವ ನೆಪದಲ್ಲಿ ಒಬ್ಬರು ಪದೇ ಪದೇ ಕೈ ಹಿಡಿದರಂತೆ. ಬೇಡ ಅಂದರೂ ಬಿಡಲಿಲ್ಲವಂತೆ. ರಾತ್ರಿ ಕಳಿಸಿದ ಮೆಸೇಜ್‌ಗಳನ್ನೂ ತೋರಿಸಿದಳು. ಪೊಲೀಸ್ ಹತ್ತಿರ ಹೋಗುವುದು ಅವಳಿಗೆ ಇಷ್ಟವಿಲ್ಲ. ತೊಂದರೆ ಏನೆಂದರೆ, ಮೇಳದ 80 ಆಟದ ಡಬ್ಬಿಗಳಲ್ಲಿ 55 ಅವರವೇ. ಅವರಿಲ್ಲದಿದ್ದರೆ ಮುಂದಿನ ವರ್ಷ ಮೇಳವೇ ಇಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಹಕ್ಕಿ ಹಿಂದೆ:
ನನ್ನ ಕಥೆ ಕೇಳಿ. 2019, ದಾಂಡೇಲಿ ಹತ್ತಿರ ಹಕ್ಕಿ ನೋಡುವ ಶಿಬಿರ, 28 ಜನ. ಎರಡನೇ ರಾತ್ರಿ ಇಬ್ಬರು ಹೆಣ್ಣುಮಕ್ಕಳು ಬಂದು ಒಬ್ಬನ ಬಗ್ಗೆ ಹೇಳಿದರು. ಬೆಳಗ್ಗೆ ಆರಕ್ಕೆ ನಾನೇ ಅವನನ್ನು ಬಸ್ ಹತ್ತಿಸಿ ಬಂದೆ. ಅದರ ಬಗ್ಗೆ ನನಗೆ ಇವತ್ತಿಗೂ ಬೇಜಾರಿಲ್ಲ.

ಕೆಟ್ಟಿದ್ದು ಆಮೇಲೆ. ಸಿಟ್ಟಿನಲ್ಲಿ ನಮ್ಮ 214 ಜನರ ವಾಟ್ಸಾಪ್ ಗುಂಪಿಗೆ ಅವನ ಹೆಸರು, ಫೋಟೋ ಎರಡೂ ಹಾಕಿ, ಇವನು ಇಂಥವನು ಎಂದು ಬರೆದೆ. ಹನ್ನೊಂದನೇ ದಿನ ವಕೀಲರ ನೋಟಿಸ್ ಬಂತು. ಮಾನನಷ್ಟ, ಐದು ಲಕ್ಷ! ಮೊದಲ ಉತ್ತರ ಬರೆಸಲು 7,500. ಅವರು ಮತ್ತೆ ನೋಟಿಸ್ ಕೊಟ್ಟರು, ಅದಕ್ಕೆ 12,000. ಧಾರವಾಡಕ್ಕೆ ಓಡಾಟ, ಜೆರಾಕ್ಸ್, ಸ್ಟಾಂಪ್ ಪೇಪರ್ ಸೇರಿ 3,900. ಒಟ್ಟು 23,400. ಮನೆಯಲ್ಲಿ ಹೆಂಡತಿಗೆ ಬೈನಾಕ್ಯುಲರ್ ತಗೊಂಡೆ ಅಂತ ಸುಳ್ಳು ಹೇಳಿದ್ದೆ. ಬೈನಾಕ್ಯುಲರ್ ಎಲ್ಲಿ ಅಂತ ಈಗಲೂ ಕೇಳ್ತಾಳೆ. ಅರ್ಧಕ್ಕೆ ಹೊರಟ ಆರು ಜನ ತಲಾ 4,200 ವಾಪಸ್ ಕೇಳಿದರು, ಕೊಟ್ಟೆ. ಹೋಂಸ್ಟೇಯವನು ಒಂದು ಪೈಸೆ ಬಿಡಲಿಲ್ಲ.

‘ಈ ವ್ಯಕ್ತಿ ಇನ್ನು ನಮ್ಮ ಶಿಬಿರಗಳಿಗೆ ಬರುವುದಿಲ್ಲ’ ಎಂದು ನಡೆಸುವವರೊಳಗೆ ಬರೆದಿಟ್ಟಿದ್ದರೆ ಸಾಕಿತ್ತು.

ವೇಷಗಾರ್ತಿ:
ಮೊದಲೇ ತಯಾರಿ ಇಲ್ಲದೆ ಶಿಬಿರ ಮಾಡಿದರೆ ಹೀಗೇ ಆಗೋದು. ನಾವು ಬೆಂಗಳೂರಿನಲ್ಲಿ ಕಾಮಿಕ್ಸ್, ಕಾಸ್‌ಪ್ಲೇ (ಕಥೆಯ ಪಾತ್ರಗಳ ವೇಷ ಹಾಕುವುದು) ಗುಂಪು ನಡೆಸುತ್ತೇವೆ, 90 ಜನ. ದೂರು ಕೇಳಲೆಂದೇ ಇಬ್ಬರು, ಅದರಲ್ಲಿ ಒಬ್ಬರಾದರೂ ಹೆಂಗಸು. ಅವರ ತೋಳಿಗೆ ಹಳದಿ ಪಟ್ಟಿ. ಬೇರೆ ಫೋನ್, ಬೇರೆ ಸಿಮ್. ಒಂದು ನೋಟ್‌ಬುಕ್: ದಿನ, ಗಂಟೆ, ಹೇಳಿದವರ ಮಾತು ಹೇಳಿದ ಹಾಗೆಯೇ. ಒಂದೇ ಸಲ ಕೇಳುವುದು, ಮತ್ತೆ ಮತ್ತೆ ಹೇಳಿಸುವುದಿಲ್ಲ. ಆರೋಪ ಬಂದವರ ಮಾತನ್ನು ಬೇರೆಯಾಗಿ ಕೇಳುತ್ತೇವೆ, ಎದುರುಬದುರು ಕೂರಿಸುವುದಿಲ್ಲ. ಮೇಳ ಮುಗಿಯುವ ತನಕ ಅವರು ಹೊರಗೆ. ಕಾಯಂ ತೀರ್ಮಾನ ಒಂದು ವಾರದೊಳಗೆ.

ಖರ್ಚು ಎಷ್ಟು ಗೊತ್ತಾ? ಪಟ್ಟಿ 12 ಹೊಲಿಸಿದ್ದು ತಲಾ 45, ಅಂದರೆ 540. ಸಿಮ್ ರೀಚಾರ್ಜ್ 299. ಫ್ಲೆಕ್ಸ್ ಎರಡು, 900. ನೋಟ್‌ಬುಕ್ 60. ಒಟ್ಟು 1,799. ಇಪ್ಪತ್ಮೂರು ಸಾವಿರ ಅಲ್ಲ.

ಫ್ಲೆಕ್ಸ್ ಮೇಲೆ ‘ವೇಷ ಹಾಕಿದ್ದೇವೆ, ಒಪ್ಪಿಗೆ ಕೊಟ್ಟಿಲ್ಲ’ ಅಂತ ಬರೆಸಿದ್ದೆವು. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್‌ನಲ್ಲಿ ಇಂಥದ್ದೇ ಬೋರ್ಡ್ ನಿಲ್ಲಿಸಿದ್ದರು. ಅಲ್ಲಿಂದ ಕದ್ದಿದ್ದು, ಒಪ್ಪಿಕೊಳ್ತೀನಿ.

ಹಳೇ ನಾಣ್ಯ:
ನೋಟ್‌ಬುಕ್, ಪಟ್ಟಿ, ಸಿಮ್. ಹವ್ಯಾಸವೋ ಪೊಲೀಸ್ ಠಾಣೆಯೋ? ನಾಣ್ಯ, ಅಂಚೆಚೀಟಿ ಕೂಟಗಳನ್ನು 26 ವರ್ಷದಿಂದ ನಡೆಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ದೂರು. ಇಬ್ಬರನ್ನೂ ನಮ್ಮ ಮನೆಗೇ ಕರೆದು ಕೂರಿಸಿದೆ. ಮನೆಯವಳು ಕಾಫಿ, ಚಕ್ಕುಲಿ ಕೊಟ್ಟಳು. ಒಂದೂವರೆ ಗಂಟೆ ಮಾತಾಡಿದೆವು. ಅವರು ‘ತಪ್ಪು ತಿಳಿಯಬೇಡಮ್ಮ’ ಅಂದರು, ಮುಗೀತು. ಒಂದು ರೂಪಾಯಿ ಖರ್ಚಿಲ್ಲ. ಅವರು ಈಗಲೂ ತಪ್ಪದೆ ಬರುತ್ತಾರೆ. ಆ ಹುಡುಗಿ ಆಮೇಲೆ ಬರಲಿಲ್ಲ, ಮದುವೆಯಾಯಿತೋ ಏನೋ.

ಮೂರನೇ ಟೆಂಟ್:
ಮದುವೆಯಾಯಿತೋ ಏನೋ. ಎರಡು ಸಲ ಓದಿದೆ ಸರ್ ಈ ಸಾಲು.

ನಾನು ದೂರು ಕೊಟ್ಟವಳು. ಚಾರಣದ ಗುಂಪು, ಹೆಸರು ಬೇಡ. ನಾಲ್ಕು ವರ್ಷ ಅವರ ಜೊತೆ ಬೆಟ್ಟ ಹತ್ತಿದ್ದೆ. ದೂರು ಹೇಳಿದ ಮೇಲೆ ಏಳು ವಾರದಲ್ಲಿ ಅದನ್ನೇ ನಾಲ್ಕು ಜನರಿಗೆ ಹೇಳಬೇಕಾಯಿತು. ಪ್ರತಿಯೊಬ್ಬರೂ ‘ಸರಿಯಾಗಿ ಏನಾಯ್ತು, ಮೊದಲಿಂದ ಹೇಳು’ ಅಂದರು. ನಾಲ್ಕನೆಯವರು ‘ಅವನು ಹಾಗಲ್ಲ, ನಿನ್ನ ಅಣ್ಣನ ತರಹ’ ಅಂದರು. ಕೊನೆಗೆ ನನ್ನನ್ನೂ ಅವನನ್ನೂ ಒಂದು ಹೋಟೆಲ್‌ನಲ್ಲಿ ಎದುರುಬದುರು ಕೂರಿಸಿದರು. ನನ್ನ ದೋಸೆ ಹಾಗೇ ತಣ್ಣಗಾಯಿತು. ಅವನು ಪೂರ್ತಿ ತಿಂದ. ಬಿಲ್ 460, ನನ್ನ ಪಾಲು ಕೇಳಿದರು ಕೂಡ.

ಗುಂಪಿನ ಗೋದಾಮಿನಲ್ಲಿ ನನ್ನ ಟೆಂಟ್ ಇದೆ, 6,800 ಕೊಟ್ಟಿದ್ದು. ಮಳೆ ಜಾಕೆಟ್ 3,200. ತರೋಕೆ ಹೋಗಿಲ್ಲ, ಹೋಗುವುದೂ ಇಲ್ಲ.

ಪಗಡೆ ಅವರೇ, ನಿಮ್ಮ ಪ್ರಶ್ನೆ ಇನ್ನೊಂದು ಸಲ ಓದಿ. ದೂರು ಕೊಟ್ಟವಳು ‘ಅವಳು’, ‘ಹುಡುಗಿ’. ಕೈ ಹಿಡಿದವನು ‘ಅವರು’.

ಹಳೇ ನಾಣ್ಯ:
ಹಿರಿಯರಿಗೆ ಬಹುವಚನ ಹಾಕುವುದು ನಮ್ಮ ಸಂಸ್ಕಾರ. ಅದರಲ್ಲೂ ತಪ್ಪು ಹುಡುಕಿದರೆ ಹೇಗೆ?

ವೇಷಗಾರ್ತಿ:
ಅವರು ಹಿರಿಯರು ಅಂತ ಪಗಡೆ ಎಲ್ಲಿ ಬರೆದಿದ್ದಾರೆ? ನೀವೇ ಅಂದುಕೊಂಡಿದ್ದು.

ಕರಿಕೋಟು:
ಸ್ವಲ್ಪ ಕಾನೂನು ಹೇಳಿ ಹೋಗ್ತೀನಿ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಕಾಯ್ದೆ 2013ರದ್ದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು, ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರೂ ಇದರ ಲೆಕ್ಕಕ್ಕೆ ಬರುತ್ತಾರೆ, ಇದು ತುಂಬಾ ಜನರಿಗೆ ಗೊತ್ತಿಲ್ಲ. ಕ್ರಿಮಿನಲ್ ದೂರಾದರೆ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ, ಹಳೆಯ ದಂಡ ಸಂಹಿತೆಯಲ್ಲಿ 354ಎ. ಬೆನ್ನು ಬಿದ್ದು ಮೆಸೇಜ್ ಮಾಡುತ್ತಿದ್ದರೆ 78.

ಇನ್ನೊಂದು. ದೂರು 18 ತುಂಬದ ಮಗುವಿನ ಮೇಲಿನ ಲೈಂಗಿಕ ಅಪರಾಧದ್ದಾದರೆ ‘ನಾವೇ ನೋಡ್ಕೋತೀವಿ’ ಅನ್ನುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ಆಟದ ಮೇಳಕ್ಕೆ ಹೈಸ್ಕೂಲ್ ಮಕ್ಕಳು ಬರ್ತಾರೆ ಅಲ್ವಾ?

ಹಕ್ಕಿ ಹಿಂದೆ:
28 ಜನ ಚಂದಾ ಹಾಕಿ ಮಂಗಟ್ಟೆ ಹಕ್ಕಿ ನೋಡೋಕೆ ಹೋದರೆ ಅದು ಕೆಲಸದ ಜಾಗನಾ? ಕಾಯ್ದೆ ಓದಿ ಹೇಳುವುದು ಸುಲಭ. ನೋಟಿಸ್ ಬಂದಾಗ ನನ್ನ ಜೊತೆ ಯಾವ ಕಲಮೂ ಬರಲಿಲ್ಲ.

ಕರಿಕೋಟು:
ಅಲ್ಲ ಎಂದೇ ವಾದ ಮಾಡಬಹುದು. ನಾನು ಹೇಳಿದ್ದು ಸ್ವಯಂಸೇವಕರ ವಿಷಯ. ಮತ್ತೆ, ವಕೀಲರಿಗೆ 19,500 ಕೊಟ್ಟಿದ್ದು ಜಾಸ್ತಿಯಾಯ್ತು.

ಹಕ್ಕಿ ಹಿಂದೆ:
ಈಗ ಹೇಳ್ತೀರಾ!

ಬಾಸ್ಟನ್ ಬಿಸಿಬೇಳೆ:
ಇಲ್ಲಿ ರೀಡರ್‌ಕಾನ್ ಎಂಬ ವಿಜ್ಞಾನ ಕಥೆಗಳ ಸಣ್ಣ ಸಮ್ಮೇಳನ ಇದೆ. ಕಿರುಕುಳ ಕೊಟ್ಟವರಿಗೆ ಕಾಯಂ ನಿಷೇಧ ಎಂದು ನಿಯಮ ಇತ್ತು. 2012ರಲ್ಲಿ ದೂರು ಬಂತು. ಆರೋಪ ಬಂದ ವ್ಯಕ್ತಿ ಆ ವಲಯದಲ್ಲಿ ಹೆಸರಿದ್ದವನು, ಪಶ್ಚಾತ್ತಾಪ ಪಟ್ಟಿದ್ದಾನೆ ಎಂದು ಮಂಡಳಿ ಎರಡೇ ವರ್ಷದ ನಿಷೇಧ ಹಾಕಿತು. ಜನ ಎದ್ದು ನಿಂತರು. ಕೊನೆಗೆ ಮಂಡಳಿಯವರು ಕ್ಷಮೆ ಕೇಳಿ ರಾಜೀನಾಮೆ ಕೊಟ್ಟರು, ನಿಷೇಧ ಕಾಯಂ ಆಯಿತು. ನಿಯಮ ಇಲ್ಲದೆ ಕೆಟ್ಟವರಲ್ಲ ಅವರು. ಇದ್ದ ನಿಯಮವನ್ನು ಬೇಕಾದವರಿಗೆ ಸಡಿಲ ಮಾಡಿ ಕೆಟ್ಟರು.

ಹಳೇ ನಾಣ್ಯ:
ಅಮೆರಿಕದ ಕಥೆ ಮೈಸೂರಿಗೆ ಯಾಕೆ?

ಮೂರನೇ ಟೆಂಟ್:
ಚಕ್ಕುಲಿ ಕಥೆ ಯಾಕೋ ಅದಕ್ಕೇ.

ಗಂಡಭೇರುಂಡ ದಾಳ:
ಎಲ್ಲರೂ ಕಾನೂನು ಮಾತಾಡ್ತಿದ್ದೀರಿ. ನನಗೆ ಆಶ್ಚರ್ಯ ಆಗಿದ್ದು 55 ಡಬ್ಬಿ. ಅಷ್ಟನ್ನೂ ಒಬ್ಬನಿಂದ ತಂದು ಮೇಳ ನಡೆಸೋದು ಅಂದರೆ ಜುಟ್ಟು ಅವನ ಕೈಗೆ ಕೊಟ್ಟ ಹಾಗೆ. ನಾವು ಹುಬ್ಬಳ್ಳಿಯಲ್ಲಿ ಟಿಕೆಟ್ ದುಡ್ಡಲ್ಲಿ ವರ್ಷಕ್ಕೆ ನಾಲ್ಕು ಆಟ ತಗೋತೀವಿ. ಉಳಿದದ್ದು ಚೌಕಾಬಾರ, ಅಳಗುಳಿಮಣೆ, ಹುಲಿ ಕುರಿ. ಹಾಸು ಬಟ್ಟೆ, ಕವಡೆ, ಹುಣಸೆ ಬೀಜ, ಎಲ್ಲಾ ಸೇರಿ ಸಾವಿರ ದಾಟಲ್ಲ. ಆದರೆ ಊಟ ಒಳಗೆ ಬಿಡಬೇಡಿ. ಹೋದ ವರ್ಷ ಕಟಾನ್ ಅನ್ನೋ ಹೊಸ ಬೋರ್ಡ್ ಗೇಮ್ ಮೇಲೆ ಸಾಂಬಾರ್ ಬಿತ್ತು. ಕಾರ್ಡ್‌ಗಳಿಗೆಲ್ಲ ಲ್ಯಾಮಿನೇಷನ್ ಮಾಡಿಸಿಬಿಡಿ.

ವೇಷಗಾರ್ತಿ:
ಲ್ಯಾಮಿನೇಷನ್ನಾ?! ಕಲೆಸೋಕೆ ಆಗುತ್ತಾ ಅದನ್ನ? ಸ್ಲೀವ್, ಅಂದರೆ ಕಾರ್ಡ್‌ಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಬೇಕು.

ಮೈಸೂರು ಪಗಡೆ:
ಎಲ್ಲರಿಗೂ ಧನ್ಯವಾದ. ‘ಅವರು’ ವಿಷಯ ಓದಿ ನಿಜವಾಗಿಯೂ ಮುಜುಗರ ಆಯಿತು. ದೂರು ಕೊಟ್ಟವರಿಗೆ ಇವತ್ತು ಫೋನ್ ಮಾಡಿ ಅವರು ಏನು ಬಯಸುತ್ತಾರೆ ಎಂದು ಕೇಳಿದೆ. ಅದನ್ನು ಇನ್ನೂ ಕೇಳಿಯೇ ಇರಲಿಲ್ಲ. ‘ಅವನು ಇದ್ದರೆ ನಾನು ಬರಲ್ಲ, ನನ್ನ ಹೆಸರು ಎಲ್ಲೂ ಬರಬಾರದು’ ಅಂದರು. ಭಾನುವಾರ ಐದೂ ಜನ ಸೇರುತ್ತಿದ್ದೇವೆ. ಇಬ್ಬರು ಈಗಲೇ ಡಬ್ಬಿಗಳ ಮಾತು ಎತ್ತಿದ್ದಾರೆ.

ಮೂರನೇ ಟೆಂಟ್:
ಡಬ್ಬಿ ವಾಪಸ್ ಕಳಿಸಿ. ಅವನ ಮನೆ ಬಾಗಿಲ ತನಕ ಆಟೋ ಚಾರ್ಜ್ ನಾನು ಕೊಡ್ತೀನಿ.

ಗಂಡಭೇರುಂಡ ದಾಳ:
55 ಡಬ್ಬಿ ಆಟೋದಲ್ಲಿ ಹಿಡಿಯಲ್ಲ ಅಕ್ಕ, ಟಾಟಾ ಏಸ್ ಬೇಕು. ಮತ್ತೆ ವೇಷಗಾರ್ತಿ ಅವರೇ, ಸ್ಲೀವ್ ಹಾಕಿದರೂ ಸಾಂಬಾರ್ ಮೇಲಿಂದ ಇಳಿಯುತ್ತೆ. ನಾನು ನೋಡಿದ್ದೀನಿ.