ಅಮ್ಮನ ಸೊಂಟ ನೋವು: ಮಾತ್ರೆ ಇಲ್ಲದೆ ಕಡಿಮೆ ಮಾಡಿಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಹತ್ತಿರದವರು. ಅಮ್ಮನಿಗೆ 56 ವರ್ಷ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಒಂದೂವರೆ ವರ್ಷದಿಂದ ಸೊಂಟದ ಕೆಳಗೆ ನೋವು. ಬೆಳಿಗ್ಗೆ ಎದ್ದಾಗ ಗೋಡೆ ಹಿಡಿಯದೆ ನಿಲ್ಲಲು ಆಗಲ್ಲ.

ಕಾಲಿಗೆ ಜೋಮು, ಶಕ್ತಿ ಕಡಿಮೆ ಆಗೋದು ಏನೂ ಇಲ್ಲ. ಆಪರೇಷನ್ ಬೇಡ ಅಂದಿದ್ದಾರೆ ಡಾಕ್ಟರ್. ಆದರೆ ನೋವಿನ ಮಾತ್ರೆಯಿಂದ ಹೊಟ್ಟೆ ಉರಿ ಜಾಸ್ತಿಯಾಗಿ, ಅದನ್ನೂ ನಿಲ್ಲಿಸಲು ಹೇಳಿದರು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆ ಓದಿದೆ. ಮೂರು ತಿಂಗಳು ದಾಟಿದ ಸೊಂಟ ನೋವಿಗೆ ವ್ಯಾಯಾಮ, ಮಸಾಜ್ ಥರದ ಆರೈಕೆ ಆಗಬಹುದು, ಬೆಲ್ಟು, ಟ್ರ್ಯಾಕ್ಷನ್ (ಸೊಂಟವನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡ ಅಂತಿದೆ. ನಾವು ಬೆಲ್ಟ್ ಕಟ್ಟಿಸಿ, ಸುಮ್ನೆ ಮಲಗಿಸಿ ಇಟ್ಟಿದ್ದೆವು! ಈಗ ವಾರದಿಂದ ದಿನಾ ಹದಿನೈದು ನಿಮಿಷ ತೋಟದ ದಾರಿಯಲ್ಲಿ ನಡೆಸುತ್ತಿದ್ದೇನೆ.

ನಿಮ್ಮಲ್ಲಿ ಯಾರಾದರೂ ವ್ಯಾಯಾಮದಿಂದ ಸುಧಾರಿಸಿಕೊಂಡಿದ್ದರೆ ದಯವಿಟ್ಟು ಹೇಳಿ. ಎಷ್ಟು ದಿನಕ್ಕೆ ವ್ಯತ್ಯಾಸ ಗೊತ್ತಾಯಿತು? ಶುರುವಿನಲ್ಲಿ ನೋವು ಸ್ವಲ್ಪ ಏರಿದರೆ ಮುಂದುವರಿಸಿದಿರಾ? ಶಿವಮೊಗ್ಗದಲ್ಲಿ ತಾಳ್ಮೆಯಿಂದ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಗೊತ್ತಿದ್ದರೆ ತಿಳಿಸಿ. ಸುಲಿಯುವಾಗ ಎತ್ತರದ ಮಣೆ ಬಳಸುವವರು ಇದ್ದರೆ ಅದರ ಫೋಟೋ ಹಾಕ್ತೀರಾ? ಅಮ್ಮ ಕೆಲಸ ಬಿಡೋಲ್ಲ, ಕೂರುವ ರೀತಿಯನ್ನಾದರೂ ಬದಲಿಸಬೇಕು.